ಹಂದಿ ಕೊಯ್ಯದ ಮದುವೆ

ಓನಿಂಗ್ ಹೆದರುವ ಹೆಂಗಸಲ್ಲ. ಇಪ್ಪತ್ತೆರಡಕ್ಕೆ ಊರು ಬಿಟ್ಟು, ಹಾಂಗ್‌ಕಾಂಗಿನಲ್ಲಿ ಆರು ವರ್ಷ ಕಂಡವರ ಮಕ್ಕಳನ್ನು ತೊಳೆದು ಬಳಿದು, ಅಲ್ಲಿಂದ ಟೊರೊಂಟೊಗೆ ಬಂದವಳು. ಇಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಮುದುಕ ಅವಳಿಗಿಂತ ಒಂದೂವರೆ ಗೇಣು ಎತ್ತರ. ಒಂದು ಮಗ್ಗುಲು ಲಕ್ವ ಹೊಡೆದು ಬಿದ್ದುಹೋಗಿತ್ತು. ಅವನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಒಬ್ಬಳೇ ಎತ್ತಿ ಕೂರಿಸುತ್ತಿದ್ದಳು. ಒಮ್ಮೆ ಅವನು ಸಿಟ್ಟಿನಲ್ಲಿ ಅವಳ ಮುಂಗೈ ಕಚ್ಚಿದಾಗ, "ಹಲ್ಲು ಇನ್ನೂ ಗಟ್ಟಿಯಾಗೇ ಇದೆಯಲ್ಲ ತಾತ, ಹಾಗಾದ್ರೆ ಈ ಗಂಜಿ ಯಾಕೆ, ನಾಳೆಯಿಂದ ಮಾಂಸಾನೇ ತಿನ್ನಿ" ಎಂದು ನಕ್ಕವಳು.

ಅಂಥವಳು ಬಾಗಿಲ ಕಿಂಡಿಯಿಂದ ಲಕೋಟೆ ಬಿದ್ದ ಸದ್ದಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೆಚ್ಚಿಬೀಳುತ್ತಿದ್ದಳು. ಅದರಲ್ಲಿ ನನ್ನ ಕೈವಾಡವೂ ಇದೆ. ಅದನ್ನು ಮುಚ್ಚಿಟ್ಟು ಅವಳ ಕತೆ ಹೇಳುವುದು ಸಾಧ್ಯವಿಲ್ಲ.

ಬ್ಯಾಥರ್ಸ್ಟ್ ರಸ್ತೆಯಲ್ಲಿ ನನ್ನ ಮನೆಯ ನೆಲಮಾಳಿಗೆಯಲ್ಲಿ ಆರು ಮಂಚಗಳಿವೆ. ವಾರವಿಡೀ ಯಜಮಾನರ ಮನೆಯಲ್ಲೇ ಇದ್ದು ದುಡಿಯುವ, ಮನಿಲಾದ ಆಚೆಗಿನ ನಮ್ಮೂರ ಕಡೆಯ ಹೆಣ್ಣುಮಕ್ಕಳು ಶನಿವಾರ ಬಂದು, ಭಾನುವಾರ ಚರ್ಚಿನ ಪೂಜೆ ಮುಗಿಸಿ, ಒಣಮೀನು ಹುರಿದು ತಿಂದು, ಸಂಜೆಗೆ ವಾಪಸ್ ಹೋಗುತ್ತಾರೆ. ನನ್ನ ಹೆಸರು ಪೂರಿಂಗ್, ಆದರೆ ಎಲ್ಲರೂ ನನ್ನನ್ನು ಮನಾಂಗ್ ಅನ್ನುತ್ತಾರೆ, ಅಂದರೆ ಅಕ್ಕ. ನಾನು ಅವರನ್ನು ಆಡಿಂಗ್ ಅನ್ನುತ್ತೇನೆ, ತಂಗಿ. ನಾನು ಶಾಲೆಗೆ ಹೋದದ್ದು ಐದು ವರ್ಷ. ಇಂಗ್ಲಿಷು ಕಲಿತದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಅಂಟಿಸಿದ ನೋಟೀಸುಗಳಿಂದ. ಆದರೂ ಈ ದೇಶದ ಸರ್ಕಾರ ಅಚ್ಚು ಹಾಕಿಸಿದ ಫಾರಂ ಯಾವುದೇ ಇರಲಿ, ನಾನು ತುಂಬುತ್ತೇನೆ. ನನ್ನ ಕೈಯಿಂದ ತುಂಬಿಸಿಕೊಂಡು ಹೋದ ಇಪ್ಪತ್ತಮೂರು ಜನ ಇಲ್ಲಿಯವರೇ ಆಗಿ ಉಳಿದಿದ್ದರು. ಇಪ್ಪತ್ತನಾಲ್ಕನೆಯವಳು ಓನಿಂಗ್.

ಅವಳ ಕಾಯಂ ವಾಸದ ಅರ್ಜಿಯನ್ನು ನಾವು ಹಾಕಿದ್ದು ಎರಡು ಸಾವಿರದ ಆರರಲ್ಲಿ. ಆಗ ಅವಳಿಗೆ ಮದುವೆಯಾಗಿರಲಿಲ್ಲ. ಊರಿನಲ್ಲಿ ಎಲಿಸೆಯೊ ಇದ್ದ. ನೀರಿನ ಪಂಪು, ದೋಣಿಯ ಎಂಜಿನ್ನು ರಿಪೇರಿ ಮಾಡುವವನು. ಎಂಟು ವರ್ಷದಿಂದ ಅವಳಿಗಾಗಿ ಕಾದಿದ್ದ. ಎರಡು ಸಾವಿರದ ಏಳರ ಕ್ರಿಸ್‌ಮಸ್ಸಿಗೆ ಮೂರು ವಾರ ರಜೆ ಸಿಕ್ಕಿ ಓನಿಂಗ್ ಊರಿಗೆ ಹೋದಳು. ಎಲಿಸೆಯೊ ಪಟ್ಟು ಹಿಡಿದ. "ಇನ್ನೂ ಎಷ್ಟು ವರ್ಷ ಬರೀ ಫೋನ್ ನೆಕ್ಕೊಂಡು ಕೂತಿರ್ಲಿ? ಒಂದು ಕಾಗದಾನಾದ್ರೂ ಕೊಟ್ಟು ಹೋಗು" ಅಂದ.

ತೊಡಕು ಏನೆಂದರೆ, ಅದೇ ವರ್ಷ ಮೇ ತಿಂಗಳಲ್ಲಿ ಓನಿಂಗಳ ಅಕ್ಕನ ಮದುವೆ ಆಗಿತ್ತು. ಒಡಹುಟ್ಟಿದ ಇಬ್ಬರು ಒಂದೇ ವರ್ಷದಲ್ಲಿ ಮದುವೆಯಾದರೆ ಒಬ್ಬರ ಭಾಗ್ಯವನ್ನು ಇನ್ನೊಬ್ಬರ ಭಾಗ್ಯ ನುಂಗುತ್ತದೆ. ಸುಕೋಬ್ ಅನ್ನುತ್ತೇವೆ. ಗಂಡ ಸಾಯಬಹುದು, ಬಸಿರು ಇಳಿಯಬಹುದು. ಜನವರಿಯವರೆಗೆ ಕಾಯೋಣವೆಂದರೆ ಡಿಸೆಂಬರ್ ಮೂವತ್ತಕ್ಕೆ ಅವಳ ವಿಮಾನ.

ಅವಳ ತಾಯಿ ದಾರಿ ಹುಡುಕಿದಳು. ಇಪ್ಪತ್ತೇಳನೇ ತಾರೀಕು ಮೇಯರ್ ಕಚೇರಿಗೆ ಹೋಗಿ ಸಹಿ ಹಾಕಿ ಬನ್ನಿ, ಆದರೆ ಅದು ಮದುವೆಯಂತೆ ಇರಕೂಡದು. ಉಂಗುರ ಬೇಡ, ಹೊಸ ಬಟ್ಟೆ ಬೇಡ. ಮದುವೆಯೂಟಕ್ಕೆಂದು ಹಂದಿ ಕೊಯ್ಯುವುದಂತೂ ಬೇಡವೇ ಬೇಡ. ಅವರು ಮನೆಯಲ್ಲಿ ಮೆಟ್ಟುವ ಹವಾಯಿ ಚಪ್ಪಲಿಯಲ್ಲೇ ಹೋದರು, ಹಿತ್ತಲ ಬಾಗಿಲಿನಿಂದ ಮನೆಗೆ ಬಂದರು, ಹಬ್ಬಕ್ಕೆ ಮಾಡಿ ಮಿಕ್ಕಿದ್ದ ಶಾವಿಗೆ ತಿಂದರು.

"ಇದು ಬರೀ ಸಹಿ, ತಿಳೀತಾ? ಮದುವೆ ಅಲ್ಲ. ಚರ್ಚಲ್ಲಿ ಆಗೋವರೆಗೂ ಯಾರು ಕೇಳಿದ್ರೂ ಇನ್ನೂ ಆಗಿಲ್ಲ ಅನ್ಬೇಕು. ಬಾಯ್ತಪ್ಪಿನೂ ಆಯ್ತು ಅನ್ಬೇಡ. ನಿನ್ನ ಅಕ್ಕನ ಬಾಳು ನಿನ್ನ ನಾಲಗೆ ಮೇಲಿದೆ" ಎಂದು ತಾಯಿ ಆಣೆ ಹಾಕಿಸಿಕೊಂಡಳು.

ಓನಿಂಗ್ ಟೊರೊಂಟೊಗೆ ಬಂದು ಇಷ್ಟನ್ನೂ ನಗುನಗುತ್ತಾ ಹೇಳಿದಳು. ಪಕ್ಕದ ಮಂಚದ ಸಿಯೋನಿ ಬಾಯಿ ಹರಿತ ಮಾಡಿಕೊಂಡೇ ಹುಟ್ಟಿದವಳು. "ಹಂದಿ ಕೊಯ್ದಿಲ್ಲ, ನಮಗೊಂದು ತುಂಡು ಚರ್ಮಾನೂ ಸಿಕ್ಕಿಲ್ಲ, ಅದೆಂಥ ಮದುವೆ ಕಣೇ? ನಾಯಿಗೆ ಲೈಸೆನ್ಸ್ ಮಾಡ್ಸಿದ ಹಾಗೆ" ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಮಾರ್ಚಿನಲ್ಲಿ ವಲಸೆ ಕಚೇರಿಯಿಂದ ಒಂದು ಫಾರಂ ಬಂತು. ಅರ್ಜಿ ಹಾಕಿದ ಮೇಲೆ ಏನಾದರೂ ಬದಲಾಗಿದ್ದರೆ ತಿಳಿಸಬೇಕಿತ್ತು. ಓನಿಂಗ್ ಪೆನ್ನು ಕೈಯಲ್ಲಿ ಹಿಡಿದು, "ಮನಾಂಗ್, ಇಲ್ಲಿ ಮದುವೆ ವಿಷಯ ಕೇಳಿದಾರೆ" ಅಂದಳು.

"ಚರ್ಚಲ್ಲಿ ಆಗಿದೆಯಾ?"

"ಇಲ್ಲ."

"ಮತ್ತೇನು? ಕೊಡು ಇಲ್ಲಿ."

ಅವಳ ಕೈಯಿಂದ ಪೆನ್ನು ಕಸಿದುಕೊಂಡು 'ಅವಿವಾಹಿತೆ' ಎಂಬಲ್ಲಿ ಗುರುತು ಹಾಕಿದವಳು ನಾನು. ಅವಳು ಸಹಿ ಹಾಕಿದಳು. ಅಂಚೆಗೆ ಹಾಕಿಬಂದವಳೂ ನಾನೇ.

ಸೆಪ್ಟೆಂಬರ್ ಕೊನೆಗೆ ಮತ್ತೊಂದು ಕಾಗದ ಬಂತು. ಅಕ್ಟೋಬರ್ ಹದಿನಾರು, ಬೆಳಿಗ್ಗೆ ಹತ್ತೂಕಾಲಕ್ಕೆ ಪಾಸ್‌ಪೋರ್ಟು ಮತ್ತು ಫೋಟೋದೊಂದಿಗೆ ಬಂದರೆ ಕಾಯಂ ವಾಸದ ಸಹಿಯಾಗುತ್ತದೆ. ಆ ಶನಿವಾರ ನೆಲಮಾಳಿಗೆಯಲ್ಲಿ ಹಬ್ಬ. ಸಿಯೋನಿ ಪಾತ್ರೆ ಬಡಿದು ಕುಣಿದಳು. ಮರುದಿನ ಪೂಜೆ ಮುಗಿದ ಮೇಲೆ ಚರ್ಚಿನ ಊಟದ ಕೋಣೆಯಲ್ಲಿ ಓನಿಂಗ್ ಕಾಫಿ ಬಗ್ಗಿಸಿಕೊಳ್ಳುತ್ತಾ ಸುದ್ದಿ ಹೇಳಿದಾಗ, ಪಕ್ಕದಲ್ಲಿದ್ದ ಬೆಲೆನ್ ಲೋಟ ಕೆಳಗಿಟ್ಟಳು. ಬೆಲೆನ್ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು, ಹೆಚ್ಚು ಮಾತಿನವಳಲ್ಲ.

"ಊರಲ್ಲಿ ಗಂಡ ಇಲ್ಲ ತಾನೆ?" ಎಂದು ಕೇಳಿದಳು.

ಓನಿಂಗ್ ನಗಲು ಹೋದಳು. "ಇದಾನೆ, ಇಲ್ಲ... ಚರ್ಚಲ್ಲಿ ಆಗಿಲ್ಲ. ಮೇಯರ್ ಹತ್ರ ಸಹಿ ಅಷ್ಟೆ."

ಬೆಲೆನ್ ಅವಳ ಮಣಿಕಟ್ಟು ಹಿಡಿದುಕೊಂಡಳು. "ಸಂಜೆ ನನ್ನ ಕೋಣೆಗೆ ಬಾ. ಮನಾಂಗ್ ಪೂರಿಂಗ್‌ನೂ ಕರ್ಕೊಂಡು ಬಾ. ಅವರು ಓದ್ತಾರಲ್ಲ, ಓದ್ಲಿ."

ಆ ಸಂಜೆ ಬೆಲೆನ್ ಬಿಸ್ಕತ್ತಿನ ಡಬ್ಬದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ಮಡಿಕೆಯ ಗೆರೆಗಳಲ್ಲಿ ಹರಿದು ಟೇಪು ಹಚ್ಚಿತ್ತು. ಮೂರು ಸಲ ಓದಿದೆ. ಅವಳಿಗೆ ಕಾಯಂ ವಾಸ ಸಿಕ್ಕ ದಿನ ಗಂಡನ ಹೆಸರು ಹೇಳಿರಲಿಲ್ಲ, ವಲಸೆ ಕಚೇರಿ ಅವನ ತಪಾಸಣೆ ಮಾಡಿರಲಿಲ್ಲ. ಆದ್ದರಿಂದ ಅವನು ಕಾನೂನಿನ ಲೆಕ್ಕದಲ್ಲಿ ಅವಳ ಕುಟುಂಬದವನಲ್ಲ, ಅವನನ್ನು ಕರೆಸಿಕೊಳ್ಳಲು ಬರುವುದಿಲ್ಲ. ಈ ತಡೆ ಎಷ್ಟು ವರ್ಷದ್ದು ಎಂದು ಹುಡುಕಿದೆ. ವರ್ಷದ ಮಾತೇ ಅದರಲ್ಲಿರಲಿಲ್ಲ.

"ಒಂದು ಮಾತು ಕೇಳಿದ್ರು, ಇಲ್ಲ ಅಂದೆ" ಎಂದಳು ಬೆಲೆನ್. "ಮನೆಗೆ ಬಂದು ಕೇಕ್ ಕತ್ತರಿಸ್ದೆ. ಒಂಬತ್ತು ವರ್ಷ ಆಯ್ತು. ಮೊನ್ನೆ, ಅಪ್ಪನ ಜೊತೆ ಊರಲ್ಲೇ ಉಳಿದ ಮಗ ಫೋನಲ್ಲಿ ನನ್ನನ್ನ ಮೇಡಂ ಅಂತ ಕರೆದ, ತಮಾಷೆಗೆ. ತಮಾಷೆಗೇ ಅಂದಿದಾನೆ ಅಂದ್ಕೊಂಡಿದೀನಿ."

ನಾನು ಹಾಕಿದ ಆ ಗುರುತು, ಅದರ ಓರೆ, ಅದರ ಕಪ್ಪು ಶಾಯಿ ಕಣ್ಣ ಮುಂದೆ ಬಂತು. ಈಗ ಓನಿಂಗ್ ಮದುವೆಯಾಗಿಲ್ಲ ಎಂದರೆ ಎಲಿಸೆಯೊ ಜನ್ಮಪೂರ್ತಿ ಆಚೆ ಉಳಿದ. ಮದುವೆಯಾಗಿದೆ ಎಂದರೆ, ಮಾರ್ಚಿನಲ್ಲಿ ಸುಳ್ಳು ಬರೆದುಕೊಟ್ಟವಳಾದಳು. ಸುಳ್ಳು ಬರೆದವರ ಅರ್ಜಿಯನ್ನು ತಳ್ಳಿಹಾಕಿ ಊರಿಗೆ ಅಟ್ಟಬಹುದು ಎಂದು ಆ ಫಾರಮಿನ ತಳದಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಓದಿದ್ದೆ. ಓದಿಯೂ ಗುರುತು ಹಾಕಿದ್ದೆ.

ಬಸ್ಸಿನಲ್ಲಿ ಬರುವಾಗ ಓನಿಂಗ್ ಆ ಕಾಗದದಲ್ಲಿದ್ದುದನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು. ಇಳಿಯುವ ಹೊತ್ತಿಗೆ, "ಮನಾಂಗ್, ಆಯ್ತು ಅಂದ್ರೂ ಹೋಯ್ತು, ಇಲ್ಲ ಅಂದ್ರೂ ಹೋಯ್ತು" ಅಂದಳು.

"ತಪ್ಪು ನಂದು ಆಡಿಂಗ್" ಎಂದೆ. ಅವಳು ನನ್ನ ಚೀಲ ತೆಗೆದುಕೊಂಡು ಮುಂದೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಎರಡು ವಾರ ಅವಳಿಗೆ ಅನ್ನ ಇಳಿಯಲಿಲ್ಲ. ಮುದುಕನಿಗೆ ಉಪ್ಪಿನ ಬದಲು ಸಕ್ಕರೆ ಹಾಕಿ ಸೂಪು ಕೊಟ್ಟಳಂತೆ, ಅವನು ಸುಮ್ಮನೆ ಕುಡಿದನಂತೆ. ಬೀದಿಯಲ್ಲಿ ಪೊಲೀಸ್ ಕಾರು ಕಂಡರೆ ಅಂಗಡಿಯೊಳಗೆ ಹೋಗಿ ನಿಲ್ಲುತ್ತಿದ್ದಳು. ಶನಿವಾರ ನೆಲಮಾಳಿಗೆಯಲ್ಲಿ ಪಂಚಾಯಿತಿ ಸೇರಿತು.

"ನೋಡೇ" ಎಂದಳು ಸಿಯೋನಿ, "ಆ ಮೇಯರ್ ಕಾಗದ ಇವರಿಗೆಲ್ಲಿ ಗೊತ್ತಾಗತ್ತೆ? ಅದು ಊರಲ್ಲಿ ಯಾವ್ದೋ ಬೀರೂನಲ್ಲಿ ಇಲಿ ತಿಂತಾ ಕೂತಿದೆ. ನೀನು ಮೊದ್ಲು ಒಳಗೆ ಬಾ, ಬಾಗಿಲು ಹಾಕ್ಕೋ. ಆಮೇಲೆ ಊರಿಗೆ ಹೋಗಿ ಚರ್ಚಲ್ಲಿ ಜೋರಾಗಿ ಮದುವೆಯಾಗು, ಹೊಸ ಗಂಡ ಅಂತ ಕರೆಸ್ಕೋ. ಹೆಸರು ಮಾತ್ರ ಹಳೇದು."

"ಚರ್ಚಲ್ಲಿ ಪಾದ್ರಿ ಹಳೇ ಕಾಗದ ಕೇಳ್ತಾರೆ ಕಣೇ" ಎಂದೆ. "ತಾರೀಕು ಅದ್ರಲ್ಲಿದೆ. ಬೆಲೆನ್ ಕೂಡ ಹೀಗೇ ಮುಚ್ಚಿಟ್ಟು ಒಳಗೆ ಬಂದಿದ್ದು."

"ಹಾಗಾದ್ರೆ ಗಂಡನ್ನೇ ಬದ್ಲಾಯಿಸು" ಎಂದಳು ಸಿಯೋನಿ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನೇ ಎದ್ದು ಬಂದು ಓನಿಂಗಳ ತಲೆಗೆ ಎಣ್ಣೆ ತಿಕ್ಕುತ್ತಾ ಕೂತಳು.

ಓನಿಂಗ್ ಊರಿಗೆ ಫೋನ್ ಮಾಡಿದಳು. ಅವಳ ತಾಯಿಯ ಕೂಗು ಕೋಣೆಗೆಲ್ಲ ಕೇಳುತ್ತಿತ್ತು. "ಆಯ್ತು ಅಂತ ಬಾಯಿ ಬಿಡ್ತೀಯಾ? ನಿನ್ನ ಅಕ್ಕನಿಗೆ ಎಂಟು ತಿಂಗಳು! ಹೆರೋಕೆ ಕೂತಿರೋಳ ಮೇಲೆ ಶನಿ ಬಿಡ್ತೀಯಾ?" ಆಮೇಲೆ ಎಲಿಸೆಯೊ ಫೋನು ತೆಗೆದುಕೊಂಡ. ಅವನ ದನಿ ಮೆಲ್ಲಗೆ ಬಂತು.

"ಓನಿಂಗ್, ನಿನ್ನ ವಾಪಸ್ ಕಳಿಸಿದ್ರೆ ಏನಾಗತ್ತೆ? ನನ್ನ ಹತ್ರ ಇರ್ತೀಯ. ನನಗೇನು ನಷ್ಟ?"

"ತಮಾಷೆ ಮಾಡ್ಬೇಡ. ಅಪ್ಪನ ಔಷಧಿ ಯಾರು ತರ್ತಾರೆ? ತಮ್ಮಂದಿರ ಓದು?"

"ನಿನಗೆ ಭಯ ಆದ್ರೆ ನಾನಿಲ್ಲ ಅಂದ್ಬಿಡು. ನಾನು ಕಾಯ್ತೀನಿ" ಅಂದ.

"ಎಲ್ಲೀವರೆಗೆ ಕಾಯ್ತೀಯ? ಅದಕ್ಕೆ ಕೊನೇನೇ ಇಲ್ಲ, ಪೆದ್ದ."

ಫೋನಿಟ್ಟು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ಎದ್ದು, ಮೇಯರ್ ಕಚೇರಿಯ ಕಾಗದವನ್ನು ಫ್ಯಾಕ್ಸ್ ಮಾಡಲು ಎಲಿಸೆಯೊಗೆ ಹೇಳಿದ್ದೇನೆ ಎಂದಳು. ಅದನ್ನು ಹೊರಗೆ ತೆಗೆಯುವುದೋ ಬಿಡುವುದೋ ಇನ್ನೂ ಗೊತ್ತಿಲ್ಲ ಎಂದಳು.

ಹದಿನಾರನೇ ತಾರೀಕು ನಾನೂ ಹೋದೆ. ಒಂಬತ್ತಕ್ಕೇ ತಲುಪಿದೆವು. ಸಾಲು ಕುರ್ಚಿಗಳು, ಎದುರಿಗೆ ಕೌಂಟರುಗಳು. ಅಲ್ಲಿ ಆಡಿದ ಮಾತು ಮುಂದಿನ ಸಾಲಿಗೆ ಕೇಳುತ್ತದೆ. ಒಳ್ಳೆ ಅಂಗಿ ತೊಟ್ಟ ಒಂದು ಸಂಸಾರ ಸಹಿ ಮುಗಿಸಿ ನಗುತ್ತಾ ಹೋಯಿತು. ಓನಿಂಗಳ ಮಡಿಲಲ್ಲಿ ಕಂದು ಲಕೋಟೆ. ಫ್ಯಾಕ್ಸಿನ ಕಾಗದ ಅದರ ತಳದಲ್ಲಿತ್ತು. ಅವಳ ಹೆಬ್ಬೆರಳು ಲಕೋಟೆಯ ಮೂಲೆಯನ್ನು ಉಜ್ಜಿ ಉಜ್ಜಿ ತೂತು ಮಾಡಿತ್ತು.

"ಮನಾಂಗ್, ಅಕ್ಕನ ಮಗುವಿಗೆ ಏನಾದ್ರೂ ಆದ್ರೆ?"

ನಾನು ಎಪ್ಪತ್ತು ವರ್ಷ ಸುಕೋಬ್ ನಂಬಿಕೊಂಡು ಬಂದವಳು. ಅದು ಸುಳ್ಳು ಎಂದು ಹೇಳಲು ನಾಲಗೆ ಏಳಲಿಲ್ಲ. "ಆ ವರ್ಷ ಮುಗೀತಲ್ಲ ಆಡಿಂಗ್" ಎಂದಷ್ಟೇ ಹೇಳಿದೆ.

ಹೆಸರು ಕೂಗಿದರು. ಕೌಂಟರಿನ ಹಿಂದೆ ನೆಗಡಿ ಹಿಡಿದು ಮೂಗು ಕೆಂಪಾದ, ನಡುವಯಸ್ಸು ದಾಟಿದ ಅಧಿಕಾರಿಣಿ. ಪಾಸ್‌ಪೋರ್ಟು ನೋಡಿದರು, ಫೋಟೋ ನೋಡಿದರು, ಒಂದು ಹಾಳೆಯನ್ನು ಓನಿಂಗಳ ಕಡೆ ತಿರುಗಿಸಿ ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟರು.

"ಸಹಿಗೆ ಮೊದ್ಲು ಕೇಳ್ಬೇಕು. ಅರ್ಜಿ ಹಾಕಿದ ಮೇಲೆ ಪೊಲೀಸ್ ಕೇಸು ಏನಾದ್ರೂ?"

"ಇಲ್ಲ."

"ಮಕ್ಕಳು?"

"ಇಲ್ಲ."

"ಮದುವೆ?"

ಓನಿಂಗಳ ಕೈ ಲಕೋಟೆಯ ಬಾಯಿಗೆ ಹೋಗಿ ನಿಂತಿತು. ಅಧಿಕಾರಿಣಿ ಮೂಗು ಒರೆಸಿಕೊಂಡು ತಲೆಯೆತ್ತಿದರು. "ಮದುವೆ ಆಗಿದೆಯೇನಮ್ಮ?"

ಓನಿಂಗಳ ಕತ್ತಿನ ಹಿಂಭಾಗ ಕಾಣುತ್ತಿತ್ತು ನನಗೆ. ಅಲ್ಲಿಂದ ಬೆವರಿನ ಒಂದು ಹನಿ ಇಳಿದು ಅಂಗಿಯೊಳಗೆ ಹೋಯಿತು. ನಾನು ಜಪಮಾಲೆಯನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಒಂದು ಮಣಿ ಕಿತ್ತು ಕೈಗೆ ಬಂತು. ಅವಳು ಲಕೋಟೆಯೊಳಗೆ ಕೈಹಾಕಿ ತಡಕಾಡಿ, ಫ್ಯಾಕ್ಸಿನ ಕಾಗದ ತೆಗೆದು ಆ ಹಾಳೆಯ ಮೇಲೆಯೇ ಇಟ್ಟಳು.

ಅಧಿಕಾರಿಣಿ ಓದಿದರು. ಕಡತ ಬಿಡಿಸಿ ಹಿಂದಕ್ಕೆ ಹಾಳೆ ತಿರುವಿದರು. "ಇದು ಡಿಸೆಂಬರಿಂದು. ಮಾರ್ಚಲ್ಲಿ ನೀವು ಅವಿವಾಹಿತೆ ಅಂತ ಬರೆದು ಕೊಟ್ಟಿದೀರಿ."

"ಹೌದು."

"ಇದು ನಿಮ್ಮದೇ ಸಹಿನಾ?"

"ನನ್ನದೇ."

ನನ್ನ ಹೆಸರು ಹೇಳುವಳೆಂದು ಕಾದೆ. ಹೇಳಲಿಲ್ಲ. ಆಗ ಕುರ್ಚಿ ಬಿಟ್ಟು ಎದ್ದು ಕೌಂಟರಿಗೇ ಹೋದೆ. "ಅಮ್ಮ, ಸಹಿ ಅವಳದ್ದು, ಗುರುತು ಹಾಕಿದ್ದು ನಾನು. ಶಿಕ್ಷೆ ಇದ್ರೆ ನನಗೆ ಕೊಡಿ."

"ನೀವು ಯಾರು?"

"ಅವಳ ಅಕ್ಕ. ಸ್ವಂತ ಅಕ್ಕ ಅಲ್ಲ."

"ಕೂತ್ಕೊಳ್ಳಿ ಅಜ್ಜಿ, ನಿಮ್ಮನ್ನ ಕರೆದಿಲ್ಲ." ದನಿ ಗಟ್ಟಿಯಾಗಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೂರಲಿಲ್ಲ.

"ಯಾಕೆ ಹೀಗೆ ಬರೆದ್ರಿ?" ಎಂದು ಅವರು ಓನಿಂಗಳನ್ನು ಕೇಳಿದರು.

ಓನಿಂಗ್ ಎಲ್ಲವನ್ನೂ ಹೇಳಿದಳು. ಅಕ್ಕನ ಮದುವೆ, ಒಂದೇ ವರ್ಷ, ಉಂಗುರವಿಲ್ಲ, ಹಿತ್ತಲ ಬಾಗಿಲು, ಕೊಯ್ಯದ ಹಂದಿ, ತಾಯಿಗೆ ಕೊಟ್ಟ ಆಣೆ. ಸುಕೋಬ್ ಅಂದರೇನೆಂದು ಎರಡೆರಡು ಸಲ ಹೇಳಬೇಕಾಯಿತು.

"ಅಂದ್ರೆ ನೀವು ಮದುವೆಯಾಗಿದ್ರಿ."

"ಆಗಿದ್ದೆ. ಆದ್ರೆ ಆಗಿಲ್ಲ ಅಂತ ನಡ್ಕೋತಿದ್ವಿ. ನನಗೂ ಹಾಗೇ ಅಭ್ಯಾಸ ಆಗೋಯ್ತು."

ಅಧಿಕಾರಿಣಿ ಪೆನ್ನು ಕೆಳಗಿಟ್ಟು ಒಂದು ಸೀನು ಸೀನಿದರು. ಆಮೇಲೆ ಸಹಿಗೆ ಇಟ್ಟಿದ್ದ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ಆ ಹಾಳೆ ಮೇಜಿನ ಮೇಲೆ ಸರಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಇವತ್ತು ಸಹಿ ಆಗಲ್ಲ. ಈಗ ಹೇಳಿದ್ದನ್ನೆಲ್ಲ ನಿಮ್ಮ ಕೈಬರಹದಲ್ಲೇ ಬರೆದುಕೊಡಿ. ಗಂಡನ ಹೆಸರು ಸೇರಿಸೋ ಫಾರಂ ಕೊಡ್ತೀನಿ, ತುಂಬಿ ಕಳಿಸಿ. ಅವರ ವೈದ್ಯಕೀಯ ತಪಾಸಣೆ, ಪೊಲೀಸ್ ಕಾಗದ ಎಲ್ಲ ಆಗ್ಬೇಕು."

"ನನ್ನನ್ನ ವಾಪಸ್ ಕಳಿಸ್ತಾರಾ?"

"ಅದನ್ನ ನಾನು ತೀರ್ಮಾನ ಮಾಡಲ್ಲ" ಎಂದರು. ಸ್ವಲ್ಪ ತಡೆದು, ಫಾರಮುಗಳನ್ನು ಅವಳತ್ತ ತಳ್ಳುತ್ತಾ, "ಸಹಿ ಹಾಕೋಕೆ ಮುಂಚೆ ಹೇಳಿದ್ರಿ. ಆಮೇಲೆ ಹೇಳಿದ್ರೆ ಈ ಫಾರಂ ಕೊಡೋಕೇ ಆಗ್ತಿರ್ಲಿಲ್ಲ" ಎಂದರು.

ಹೊರಗೆ ಬಂದ ಮೇಲೆ ಓನಿಂಗ್ ಬಸ್ ನಿಲ್ದಾಣದ ಕಸದ ಡಬ್ಬಿಗೆ ಬಗ್ಗಿ ವಾಂತಿ ಮಾಡಿಕೊಂಡಳು.

ಆಮೇಲಿನ ಕಾಯುವಿಕೆ ಅದಕ್ಕಿಂತ ಕೆಟ್ಟದು. ಗಂಡನ ಫಾರಮನ್ನು ಅವಳೇ ತುಂಬಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ, ಪೆನ್ನು ಮುಟ್ಟಲಿಲ್ಲ. ನವೆಂಬರಿನಲ್ಲಿ ಅಕ್ಕನಿಗೆ ಹೆರಿಗೆಯಾಗುವವರೆಗೆ ಅವಳು ಫೋನು ರಿಂಗಾದರೆ ಎತ್ತಲು ಸಿಯೋನಿಯನ್ನು ಕಳಿಸುತ್ತಿದ್ದಳು. ಹೆಣ್ಣು ಮಗು, ಮೂರೂವರೆ ಕಿಲೋ. ಸುದ್ದಿ ತಂದ ಸಿಯೋನಿ, "ಸುಕೋಬ್‌ಗೆ ಇಂಗ್ಲಿಷ್ ಬರಲ್ಲ ಕಣೇ. ನೀನು ಇಂಗ್ಲಿಷಲ್ಲಿ ಹೇಳಿದ್ದು ಅದಕ್ಕೆ ತಿಳೀಲಿಲ್ಲ" ಎಂದಳು. ಎಷ್ಟೋ ದಿನದ ಮೇಲೆ ಓನಿಂಗ್ ನಕ್ಕದ್ದು ಅವತ್ತು.

ಆದರೆ ಕಚೇರಿಯಿಂದ ಕಾಗದವಿಲ್ಲ. ಚಳಿಗಾಲ ಕಳೆಯಿತು. ಕೆಲಸದ ಪರವಾನಗಿ ಮುಗಿಯುತ್ತಾ ಬಂದು ನವೀಕರಣಕ್ಕೆ ಹಾಕಿದೆವು. ಮಾರ್ಚಿನಲ್ಲಿ ಮುದುಕ ತೀರಿಕೊಂಡ. ಅವಳು ಬೇರೆ ಮನೆ ಹುಡುಕಿಕೊಳ್ಳಬೇಕಾಯಿತು. ತನ್ನ ಪೆಟ್ಟಿಗೆಯನ್ನು ಅವಳು ಎಂದೂ ಪೂರ್ತಿ ಬಿಚ್ಚಲಿಲ್ಲ. ಅರ್ಧ ಬಟ್ಟೆ ಅದರಲ್ಲೇ ಇರುತ್ತಿತ್ತು. "ಹೊರಡು ಅಂದ್ರೆ ಹೊರಡೋಕೆ" ಎನ್ನುತ್ತಿದ್ದಳು. ಅಂಚೆಯವನು ಬರುವ ಹೊತ್ತಿಗೆ ನಾನೂ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಜೂನ್ ತಿಂಗಳಲ್ಲಿ ಲಕೋಟೆ ಬಂತು. ಒಡೆಯುವ ಧೈರ್ಯ ಅವಳಿಗಿರಲಿಲ್ಲ. ನಾನು ಒಡೆದೆ. ಎಲಿಸೆಯೊ ಮನಿಲಾದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಬರೆದಿತ್ತು. ಮೇಲ್ಗಡೆ ಎರಡು ಹೆಸರು ಅಚ್ಚಾಗಿತ್ತು, ಮೊದಲು ಅವಳದು, ಕೆಳಗೆ ಅವನದು. ಮಾರ್ಚಿನ ಫಾರಮಿನ ವಿಷಯಕ್ಕೆ, ವಿವರಣೆಯನ್ನು ಗಮನಿಸಲಾಗಿದೆ ಎಂದು ಒಂದೇ ಸಾಲು. ಓನಿಂಗ್ ಆ ಸಾಲನ್ನು ಬೆರಳಿನಿಂದ ಮುಟ್ಟಿ, "ಗಮನಿಸಲಾಗಿದೆ ಅಂದ್ರೆ ಒಳ್ಳೇದಾ ಕೆಟ್ಟದಾ ಮನಾಂಗ್?" ಎಂದಳು. ನನಗೆ ಗೊತ್ತಿಲ್ಲ ಎಂದೆ. ಫಾರಮಿನ ವಿಷಯದಲ್ಲಿ ಆ ಮಾತು ನಾನು ಆಡಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಮತ್ತೆ ಕರೆ ಬಂತು. ಮತ್ತೆ ಅದೇ ಪ್ರಶ್ನೆಗಳು. ಈ ಸಲ ಸಹಿಯಾಯಿತು.

ಎಲಿಸೆಯೊ ಬಂದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ವಿಮಾನ ಇಳಿದು ಎರಡು ಗಂಟೆಯಾದರೂ ಅವನು ಹೊರಬರಲಿಲ್ಲ. ಅದೇ ವಿಮಾನದವರೆಲ್ಲ ಪೆಟ್ಟಿಗೆ ತಳ್ಳಿಕೊಂಡು ಹೋಗಿಯಾಗಿತ್ತು. ಓನಿಂಗಳ ತುಟಿ ಬಿಳಿಚಿತ್ತು. "ಹಿಡ್ಕೊಂಡಿದಾರೆ ಮನಾಂಗ್. ಆ ಫಾರಂ ಸಿಕ್ಕಿದೆ ಅವರಿಗೆ. ವಾಪಸ್ ಹತ್ತಿಸ್ತಿದಾರೆ" ಎನ್ನುತ್ತಾ ನನ್ನ ತೋಳು ಹಿಡಿದಿದ್ದಳು. ಆ ಬೆರಳುಗಳ ಗುರುತು ಮೂರು ದಿನ ಇತ್ತು.

ಕೊನೆಗೆ ಬಾಗಿಲು ಸರಿಯಿತು. ತೆಳು ಜಾಕೀಟು ತೊಟ್ಟ ಕುಳ್ಳ ಮನುಷ್ಯ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಒಣಮೀನಿನ ಡಬ್ಬವನ್ನು ಪೂರ್ತಿ ಬಿಚ್ಚಿಸಿ ನೋಡಿದರಂತೆ. ಅವನು ನೇರ ಓನಿಂಗಳ ಮುಂದೆ ಬಂದು ನಿಂತು, ಪೆಟ್ಟಿಗೆ ಇಳಿಸಿ, ಅಧಿಕಾರಿಗಳ ಹಾಗೆ ಮುಖ ಬಿಗಿದುಕೊಂಡು ಕೇಳಿದ:

"ನಿಮಗೆ ಮದುವೆ ಆಗಿದೆಯೇನಮ್ಮ?"

ನಾನು ನಕ್ಕೆ. ಅವಳು ನಗಲಿಲ್ಲ. ಎರಡೂ ಕೈಯಿಂದ ಅವನ ಜಾಕೀಟಿನ ತೋಳು ಹಿಡಿದುಕೊಂಡು, ಸುತ್ತ ಇದ್ದ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ, "ಆಗಿದೆ" ಅಂದಳು. "ಆಗಿದೆ. ಡಿಸೆಂಬರ್ ಇಪ್ಪತ್ತೇಳಕ್ಕೆ."